ಗುಮ್ಮಟ ನೋಡಿದವರೇ, ಹಳಿ ನೋಡ್ರಿ

ಮುಂಬಯಿಗೆ ಹೋದವರೆಲ್ಲ ವಿ.ಟಿ. ಸ್ಟೇಷನ್ ಕಂಡು ಬಾಯಿ ಬಿಡುತ್ತಾರೆ. ಬಿಡಲಿ. ಕಟ್ಟಡ ಹಾಗೇ ಇದೆ. 1878ರಲ್ಲಿ ಶುರುಮಾಡಿ ಹತ್ತು ವರ್ಷ ಕಟ್ಟಿದ್ದು. ಬಾಗಿಲ ಕಂಬಗಳ ಮೇಲೆ ಸಿಂಹ, ಹುಲಿ. ಗುಮ್ಮಟದ ನೆತ್ತಿಯಲ್ಲಿ ಪಂಜು ಹಿಡಿದು ನಿಂತ ಕಲ್ಲಿನ ಹೆಣ್ಣು. ಆಕೆಯ ಹೆಸರು 'ಪ್ರಗತಿ' ಅಂತೆ!

ನಾನೂ ನೋಡಿ ಬಂದೆ. ಕಲಬುರಗಿ ಸೀಮೆಯ ನಮ್ಮ ಜನ ತಲೆಮಾರುಗಳಿಂದ ದುಡಿಯಲು ಹೋಗುವ ಊರದು. ನಮ್ಮ ಮನೆತನದಲ್ಲಿ ಡಿಗ್ರಿ ಹಿಡಿದು ಅಲ್ಲಿ ಇಳಿದವನು ನಾನೇ ಮೊದಲು. ಗೋಡೆಯ ಮೇಲೆ ರೈಲು ಕಂಪನಿಯ ದೊಡ್ಡವರ ಮುಖಗಳಿವೆ. ನಕ್ಷೆ ಬರೆದ ಸ್ಟೀವನ್ಸ್ ಸಾಹೇಬನ ಹೆಸರು ಪುಸ್ತಕಗಳಲ್ಲಿದೆ. ಈ ಗಾಡಿಗೆ ದಾರಿ ಮಾಡಲು 1856ರಿಂದ 1863ರವರೆಗೆ ಬೋರ್ ಘಾಟಿನ ಬಂಡೆ ಒಡೆದು ಸತ್ತ ಸಾವಿರಾರು ಕೂಲಿಗಳ ಮುಖ ಎಲ್ಲಿ?

ಈ ಜಾಗದ ಹಳೆಯ ಸ್ಟೇಷನ್ ಬೋರಿ ಬಂದರ್. ಅಲ್ಲಿಂದ ಠಾಣೆಗೆ ಮೊದಲ ಗಾಡಿ ಹೊರಟದ್ದು 1853ರ ಏಪ್ರಿಲ್ 16ರಂದು. ಅದೇ ವರ್ಷ ಲಂಡನ್ನಿನಲ್ಲಿ ಕೂತು ಕಾರ್ಲ್ ಮಾರ್ಕ್ಸ್ ಬರೆದ: ರೈಲಿನ ಬೆನ್ನಿಗೆ ಬರುವ ಕೈಗಾರಿಕೆ, ಜಾತಿಗೆ ಬುಡವಾದ ಕುಲಕಸುಬನ್ನು ಕರಗಿಸುತ್ತದೆ ಎಂದು. ಒಳ್ಳೆಯ ಆಸೆ. ಆದರೆ ಜಾತಿಯೂ ಟಿಕೀಟು ತೆಗೆಸಿ ಅದೇ ಗಾಡಿ ಹತ್ತಿತು.

1901ರಲ್ಲಿ ಬಾಲಕ ಅಂಬೇಡ್ಕರ್ ಮಸೂರ್ ಸ್ಟೇಷನ್ನಿನಲ್ಲಿ ಇಳಿದರು. 'ನಾವು ಮಹಾರರು' ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಸ್ಟೇಷನ್ ಮಾಸ್ತರನ ಮುಖ ಬದಲಾಯಿತು. ದುಪ್ಪಟ್ಟು ಬಾಡಿಗೆಗೆ ಒಪ್ಪಿದ ಬಂಡಿಯವನೂ ಹಗ್ಗವನ್ನು ಮಕ್ಕಳ ಕೈಗೆ ಕೊಟ್ಟು ತಾನು ಕೆಳಗೆ ನಡೆದ. ಮೈಲಿಗೆ ನೋಡ್ರಿ, ದುಡ್ಡಿಗಿಲ್ಲ!

ಅದು ಹಳೇ ಕತೆ ಅಂತೀರಾ? ಡಬ್ಬಿಯ ತೂತಿನಿಂದ ಹಳಿಗೆ ಬೀಳುತ್ತಿದ್ದ ಮಲವನ್ನು ಬಳಿದವರು ಯಾರು? ಎಲ್ಲ ಜಾತಿಯವರೂ ಪಾಳಿಯ ಮೇಲೆ ಬಳಿದರೇನು? 1993ರಲ್ಲಿ ಕಾನೂನು ಬಂತು. 2013ರಲ್ಲಿ ಇನ್ನೊಂದು. ಅದರಲ್ಲೊಂದು ಕಿಂಡಿ: ಸಲಕರಣೆ, ರಕ್ಷಣೆಯ ಉಡುಪು ಕೊಟ್ಟರೆ ಆತ ಮಲ ಬಳಿಯುವವನೇ ಅಲ್ಲವಂತೆ! ಕೈಚೀಲ ತೊಡಿಸಿದರೆ ಕುಲಕಸುಬು ಹೋಯಿತೇ? ಈಗ ಡಬ್ಬಿಗಳಿಗೆ ಜೈವಿಕ ಶೌಚಾಲಯ ಬಂದಿವೆ. ಒಳ್ಳೆಯದೇ. ಯಂತ್ರ ಬದಲಾಯಿತು. ಕಸಬರಿಗೆ ಹಿಡಿದ ಕೈ ಬದಲಾಯಿತೇ?

1996ರಲ್ಲಿ ವಿಕ್ಟೋರಿಯಾ ಹೆಸರು ತೆಗೆದು ಶಿವಾಜಿಯ ಹೆಸರಿಟ್ಟರು. 2017ರಲ್ಲಿ 'ಮಹಾರಾಜ' ಸೇರಿಸಿದರು. ನಡುವೆ 2004ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆ ಎಂದಿತು. ಕಲ್ಲೊಂದೇ ಪರಂಪರೆಯೇನು? ಅಪ್ಪನ ಕೈಯಿಂದ ಮಗನ ಕೈಗೆ ಬಂದ ಕಸಬರಿಗೆ ಯಾವ ಪಟ್ಟಿಯಲ್ಲಿದೆ?

ಮಾಸ್ತರರೇ, ಹುಡುಗರನ್ನು ಅಲ್ಲಿಗೆ ಕರೆದೊಯ್ದರೆ ಗುಮ್ಮಟ ತೋರಿಸ್ರಿ. ಆಮೇಲೆ ಪ್ಲಾಟ್‌ಫಾರಂ ಅಂಚಿಗೆ ಕರೆದು ಹಳಿಯನ್ನೂ ತೋರಿಸ್ರಿ. ಅದನ್ನು ತೊಳೆಯುವವರು ಖಾಯಂ ನೌಕರರೋ, ಗುತ್ತಿಗೆಯವರೋ ಕೇಳಲಿ. ಗುತ್ತಿಗೆ ಹೋಗಬೇಕು, ಪೂರ್ತಿ ಪಗಾರ ಬರಬೇಕು, ಓದಿದ ಅವರ ಮಕ್ಕಳಿಗೆ ಬೇರೆ ಕೆಲಸ ಸಿಗಬೇಕು. ನಾವು ಕೇಳುತ್ತಿರುವುದು ಭಿಕ್ಷೆಯಲ್ಲ, ಬಾಕಿ ಕೂಲಿ.