ಅಕ್ಕನ ಲೊಕೇಶನ್ ನನ್ನ ಫೋನಿನಲ್ಲಿದೆ

ಕಳೆದ ದಸರಾ ರಜೆಗೆ ಬೆಂಗಳೂರಿಗೆ ಹೋದಾಗ ಅಕ್ಕ ತನ್ನ ಫೋನನ್ನು ನನ್ನ ಕೈಗಿಟ್ಟು, ‘ಇದರಲ್ಲಿ ಯಾವ ಫೋಟೊ ಹಾಕಲಿ ನೋಡೇ’ ಎಂದಳು. ಹೊಸ ಕೆಲಸಕ್ಕೆ ಅರ್ಜಿ ಹಾಕುತ್ತಿದ್ದಾಳೆ ಅಂದುಕೊಂಡೆ. ನೋಡಿದರೆ ಡೇಟಿಂಗ್ ಆ್ಯಪ್! ಅಕ್ಕನಿಗೆ ಈಗ ಇಪ್ಪತ್ತೇಳು. ಮಾರತಹಳ್ಳಿ ಕಡೆಯ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಟೆಸ್ಟಿಂಗ್ ಕೆಲಸ. ಅಮ್ಮ ಅವಳ ಹೆಸರನ್ನು ಮ್ಯಾಟ್ರಿಮೊನಿಯಲ್ಲಿ ನೋಂದಾಯಿಸಿ ಆಗಲೇ ಒಂದು ವರ್ಷವಾಗಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದೆ, ‘ಅಮ್ಮನಿಗೆ ಗೊತ್ತಾ?’

‘ಯಾರಿಗೂ ಗೊತ್ತಿಲ್ಲ. ಈಗ ನಿನಗೆ ಗೊತ್ತಾಯ್ತು.’

ಈ ‘ಯಾರಿಗೂ ಗೊತ್ತಿಲ್ಲ’ ಎಂಬ ಮಾತಿನ ಬಗ್ಗೆಯೇ ನಾನು ಬರೆಯಹೊರಟಿರುವುದು. ಡೇಟಿಂಗ್ ಆ್ಯಪ್ ಬೇಕೋ ಬೇಡವೋ ಎಂಬ ಚರ್ಚಾಸ್ಪರ್ಧೆ ನಮ್ಮ ಕಾಲೇಜಿನಲ್ಲಿ ಆಗಿಹೋಗಿದೆ. ನಾನು ಬೇಡ ಎಂಬ ಕಡೆ ಮಾತಾಡಿ ಎರಡನೇ ಬಹುಮಾನವನ್ನೂ ಪಡೆದಿದ್ದೆ. (ಇದನ್ನು ಅಕ್ಕನಿಗೆ ಹೇಳಲಿಲ್ಲ.) ಆದರೆ ಅವಳ ರೂಮಿನಲ್ಲಿ ಒಂದು ವಾರ ಇದ್ದ ಮೇಲೆ ಆ ಭಾಷಣ ನನಗೇ ಪೊಳ್ಳು ಅನ್ನಿಸಿತು. ಬೆಳಿಗ್ಗೆ ಎಂಟಕ್ಕೆ ಹೊರಟರೆ ಔಟರ್ ರಿಂಗ್ ರೋಡಿನಲ್ಲೇ ಒಂದು ಗಂಟೆ. ಸಂಜೆ ಬಂದು ಊಟ ಮಾಡುವಷ್ಟರಲ್ಲಿ ಅಮೆರಿಕದವರ ಕಾಲ್. ಊರಲ್ಲಾದರೆ ಮದುವೆ, ಜಾತ್ರೆ, ಗೃಹಪ್ರವೇಶ ಅಂತ ನಾಲ್ಕು ಜನ ಕಣ್ಣಿಗೆ ಬೀಳುತ್ತಾರೆ. ಇಲ್ಲಿ ಪಕ್ಕದ ರೂಮಿನವರ ಹೆಸರೂ ಗೊತ್ತಿಲ್ಲ. ಆಫೀಸಿನಲ್ಲೇ ಯಾರನ್ನಾದರೂ ಇಷ್ಟಪಡೋಣವೆಂದರೆ, ಅದು ಮುರಿದುಬಿದ್ದ ಮರುದಿನವೂ ಅದೇ ಮುಖ ನೋಡಿಕೊಂಡು ಮೀಟಿಂಗಿನಲ್ಲಿ ನಿಲ್ಲಬೇಕು. ಇಂಥವರಿಗೆ ‘ಆ್ಯಪ್ ನಮ್ಮ ಸಂಸ್ಕೃತಿಯಲ್ಲ’ ಎಂದು ಮೈಕಿನಲ್ಲಿ ಹೇಳುವುದು ಸುಲಭ.

ಯಾವ ಆ್ಯಪ್ ಎಂಬ ಪ್ರಶ್ನೆ ಬಂತು. ಅವಳ ಫೋನಿನಲ್ಲಿ ಮೂರು ಇದ್ದವು. 2012ರಲ್ಲಿ ಶುರುವಾದ ಟಿಂಡರ್‌ನಲ್ಲಿ ಬಲಕ್ಕೆ ಸರಿಸಿದರೆ ಇಷ್ಟ, ಎಡಕ್ಕೆ ಸರಿಸಿದರೆ ಬೇಡ. ಮುಖ ನೋಡಿ ಮುಂದೆ ತಳ್ಳುವ ಆಟ. ರಾತ್ರಿ ಹನ್ನೊಂದಕ್ಕೆ ದಣಿದು ಮಲಗಿದವರು ಅದನ್ನು ಆಟದಂತೆಯೇ ಆಡುತ್ತಾರೆ. 2014ರಲ್ಲಿ ಬಂದ ಬಂಬಲ್‌ನಲ್ಲಿ ಹುಡುಗಿಯೇ ಮೊದಲು ಮಾತಾಡಬೇಕೆಂಬ ನಿಯಮವಿತ್ತು. 2024ರಲ್ಲಿ ಅದನ್ನು ಸಡಿಲಿಸಿ, ಹುಡುಗಿ ಮೊದಲೇ ಒಂದು ಪ್ರಶ್ನೆ ಇಟ್ಟಿದ್ದರೆ ಹುಡುಗ ಅದಕ್ಕೆ ಉತ್ತರಿಸಿ ಮಾತು ಶುರು ಮಾಡಬಹುದು ಎಂದು ಮಾಡಿದರು. ಹಿಂಜ್‌ನಲ್ಲಿ ದುಡ್ಡು ಕೊಡದವರಿಗೆ ದಿನಕ್ಕೆ ಬೆರಳೆಣಿಕೆಯ ಲೈಕ್ ಮಾತ್ರ. ಅದನ್ನೂ ಎದುರಿನವರ ಒಂದು ಫೋಟೊಗೋ ಒಂದು ಮಾತಿಗೋ ಕೊಡಬೇಕು. ಬೆಂಗಳೂರಿನದೇ ಆದ ಐಲ್ ಕಂಪನಿ ಕನ್ನಡಿಗರಿಗೆಂದೇ ‘ನೀನೆ’ ಎಂಬ ಆ್ಯಪ್ ತಂದಿದ್ದೂ ಅಕ್ಕನಿಂದಲೇ ಗೊತ್ತಾಯಿತು. ನನ್ನ ಸಲಹೆ ಒಂದೇ ಆಗಿತ್ತು: ಮೂರರಲ್ಲಿ ಎರಡನ್ನು ತೆಗೆ, ಅವಸರಪಡಿಸದ ಒಂದನ್ನು ಇಟ್ಟುಕೋ. ಆಫೀಸಿನಲ್ಲಿ ದಿನವಿಡೀ ಟಿಕೆಟ್ ಕ್ಲೋಸ್ ಮಾಡುವವರು ರಾತ್ರಿ ಮನುಷ್ಯರನ್ನೂ ಹಾಗೇ ಕ್ಲೋಸ್ ಮಾಡುತ್ತಾ ಕೂರಬಾರದಲ್ಲ?

ನಮ್ಮ ಆಲ್ಗರಿದಮ್ ಪಠ್ಯದಲ್ಲಿ ಸ್ಟೇಬಲ್ ಮ್ಯಾರೇಜ್ ಪ್ರಾಬ್ಲಮ್ ಅಂತ ಒಂದು ಲೆಕ್ಕವಿದೆ. ಗೇಲ್ ಮತ್ತು ಶಾಪ್ಲಿ ಎಂಬ ಇಬ್ಬರು 1962ರಲ್ಲಿ ಬಿಡಿಸಿದ್ದು. ಹುಡುಗರೂ ಹುಡುಗಿಯರೂ ತಮ್ಮ ಇಷ್ಟದ ಪಟ್ಟಿ ಕೊಟ್ಟರೆ, ಯಾವ ಇಬ್ಬರೂ ತಮ್ಮ ಜೋಡಿ ಬಿಟ್ಟು ಒಬ್ಬರೊಂದಿಗೊಬ್ಬರು ಓಡಿಹೋಗಲು ಬಯಸದಂತೆ ಎಲ್ಲರನ್ನೂ ಜೋಡಿಸಬಹುದು. ಕ್ಲಾಸಿನಲ್ಲಿ ಎಲ್ಲರೂ ನಕ್ಕಿದ್ದೆವು. ಅದರಲ್ಲೊಂದು ಸ್ವಾರಸ್ಯವಿದೆ: ಮೊದಲು ಹೋಗಿ ಕೇಳುವ ಕಡೆಯವರಿಗೆ ಈ ಲೆಕ್ಕದಲ್ಲಿ ಹೆಚ್ಚು ಲಾಭ, ಯಾರಾದರೂ ಬಂದು ಕೇಳಲಿ ಎಂದು ಕಾದವರಿಗೆ ಕಡಿಮೆ. ಹೆಣ್ಣುಮಕ್ಕಳನ್ನು ಕಾಯಲು ಕೂರಿಸುವ ನಮ್ಮ ಪದ್ಧತಿ ನೆನಪಾಗಿತ್ತು. 2018ರಲ್ಲಿ ಹಿಂಜ್ ಇದೇ ಲೆಕ್ಕವನ್ನು ಜೋಡಿ ಸೂಚಿಸಲು ಬಳಸಿಕೊಂಡಿತು. ಆದರೆ ಪುಸ್ತಕದ ಲೆಕ್ಕ ಎಲ್ಲರ ಪಟ್ಟಿಯೂ ನಿಜ, ಎಲ್ಲರೂ ತಾವು ಹೇಳಿಕೊಂಡವರೇ ಎಂದು ನಂಬಿ ಶುರುವಾಗುತ್ತದೆ. ಪಟ್ಟಿ ಕೊಟ್ಟವನು ಯಾರು ಎಂದು ವಿಚಾರಿಸುವುದು ಅದರ ಕೆಲಸವಲ್ಲ.

ವಿಚಾರಿಸುವ ಕೆಲಸ ನಮ್ಮಲ್ಲಿ ಹಿಂದಿನಿಂದ ನಡೆದುಕೊಂಡು ಬಂದಿದೆ. ನಮ್ಮ ಚಿಕ್ಕಮ್ಮನಿಗೆ ಸಂಬಂಧ ಬಂದಾಗ ತಾತ ಹುಡುಗನ ಊರಿಗೆ ಹೋಗಿ, ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಾ ಅರ್ಧ ಊರಿನ ಬಾಯಿ ಬಿಡಿಸಿ ಬಂದಿದ್ದರಂತೆ. ಆ ವಿಚಾರಣೆಯಲ್ಲಿ ಜಾತಿ, ಗೋತ್ರ, ಬಣ್ಣ ಎಲ್ಲ ಇತ್ತು. ಅದು ಹೋದರೆ ನನಗೇನೂ ಬೇಸರವಿಲ್ಲ. ಆದರೆ ಹುಡುಗ ಕುಡಿಯುತ್ತಾನಾ, ಸಾಲ ಇದೆಯಾ, ಮೊದಲೇ ಮದುವೆ ಆಗಿದೆಯಾ ಎಂಬುದೂ ಇತ್ತಲ್ಲ. ಮನೆಯವರ ಮೂಗು ತೂರಿಸುವಿಕೆ ಬೇಡವೆಂದು ಆ್ಯಪ್‌ಗೆ ಹೋದ ನಾವು, ವಿಚಾರಿಸುವುದನ್ನೂ ಅದರ ಜೊತೆಗೇ ಬಿಟ್ಟುಬಿಟ್ಟಿದ್ದೇವೆ. ಗುಟ್ಟಾಗಿ ಮಾಡುವ ಕೆಲಸಕ್ಕೆ ಯಾರನ್ನು ಕೇಳುವುದು?

ಅಕ್ಕನ ಸಹೋದ್ಯೋಗಿಯೊಬ್ಬನಿಗೆ ಆಗಿದ್ದು ಅದೇ. ಆ್ಯಪ್‌ನಲ್ಲಿ ಸಿಕ್ಕವಳು ಮೂರು ವಾರ ಚೆನ್ನಾಗಿ ಮಾತಾಡಿದಳು. ಆಮೇಲೆ ‘ನಾನು ಇದರಲ್ಲಿ ದುಡ್ಡು ಹಾಕ್ತೀನಿ, ನೀನೂ ಹಾಕು’ ಎಂದು ಒಂದು ಟ್ರೇಡಿಂಗ್ ಲಿಂಕ್ ಕಳಿಸಿದಳು. ಎರಡು ಲಕ್ಷ ಹೋಯಿತು. ಹಣ ಹೋದ ಕೂಡಲೇ 1930ಕ್ಕೆ ಫೋನ್ ಮಾಡಿದರೆ ಅದು ಖಾತೆಯಿಂದ ಖಾತೆಗೆ ಹಾರುವ ಮೊದಲೇ ತಡೆಹಿಡಿಯುವ ಸಾಧ್ಯತೆ ಇರುತ್ತದೆ. ಅವನು ಫೋನ್ ಮಾಡಿದ್ದು ಹನ್ನೆರಡು ದಿನಗಳ ಮೇಲೆ. ದುಡ್ಡು ಹೋಗಿದ್ದಕ್ಕಿಂತ, ಡೇಟಿಂಗ್ ಆ್ಯಪ್‌ನಲ್ಲಿದ್ದೆ ಎಂದು ಅಣ್ಣನ ಮುಂದೆ ಹೇಳುವುದು ಅವನಿಗೆ ಕಷ್ಟವಾಗಿತ್ತು. ಮೋಸ ಮಾಡುವವರಿಗೆ ನಮ್ಮ ಈ ನಾಚಿಕೆ ಚೆನ್ನಾಗಿ ಗೊತ್ತು.

ಅಂದು ರಾತ್ರಿ ನಾನೊಂದು ಪ್ರಯೋಗ ಮಾಡಿದೆ. ಅಕ್ಕನ ಪ್ರೊಫೈಲಿನಲ್ಲಿ ಮೊದಲ ಹೆಸರು, ಕಂಪನಿ, ಹುದ್ದೆ, ಓದಿದ ಕಾಲೇಜು ಇದ್ದವು. ಇಷ್ಟನ್ನೇ ಹಿಡಿದು ಲಿಂಕ್ಡ್‌ಇನ್‌ನಲ್ಲಿ ಹುಡುಕಿದೆ. ಎರಡು ನಿಮಿಷದಲ್ಲಿ ಅವಳ ಪೂರ್ತಿ ಹೆಸರು ಸಿಕ್ಕಿತು, ಎರಡೂ ಕಡೆ ಅದೇ ಫೋಟೊ! ಕೆಲಸ ಮಾಡುವವರಿಗೆ ತಮ್ಮ ಹುದ್ದೆಯ ಬಗ್ಗೆ ಹೆಮ್ಮೆ ಇರುತ್ತದೆ, ಸಹಜ. ಆದರೆ ಅದೇ ಅವರ ಮನೆಬಾಗಿಲಿನ ನಂಬರ್ ಕೂಡ. ಕಂಪನಿ ಹೆಸರು ತೆಗೆಸಿದೆ, ಬೇರೆ ಫೋಟೊ ಹಾಕಿಸಿದೆ. ಆ್ಯಪ್ ಬಿಟ್ಟು ವಾಟ್ಸ್‌ಆ್ಯಪ್‌ಗೆ ಬಾ ಎಂದು ಅವಸರ ಮಾಡುವವರನ್ನು ಅಲ್ಲೇ ಬಿಡುವುದು, ಭೇಟಿಗೆ ಮೊದಲು ವಿಡಿಯೊ ಕಾಲ್, ಭೇಟಿ ಹಗಲಲ್ಲೇ, ಹೋಗಿಬರುವುದು ಮೆಟ್ರೊದಲ್ಲಿ ಎಂದು ಮಾತಾಯಿತು. ಹೋಗುವಾಗ ಲೈವ್ ಲೊಕೇಶನ್ ನನಗೆ ಕಳಿಸಬೇಕು. ಅಕ್ಕ ನಕ್ಕು, ‘ಸರಿ ಅಮ್ಮಾ’ ಎಂದಳು.

ನವೆಂಬರಿನ ಒಂದು ಭಾನುವಾರ ಅವಳು ಒಬ್ಬನನ್ನು ಭೇಟಿಯಾಗಲು ಕಬ್ಬನ್ ಪಾರ್ಕಿಗೆ ಹೋದಳು. ನಾನು ಇಲ್ಲಿ ಹಾಸ್ಟೆಲಿನಲ್ಲಿ ಇಂಟರ್ನಲ್ಸ್‌ಗೆ ಓದುತ್ತಾ ಆಗಾಗ ನೀಲಿ ಚುಕ್ಕೆ ನೋಡುತ್ತಿದ್ದೆ. ನಾಲ್ಕು ಗಂಟೆಗೆ ಚುಕ್ಕೆ ನಿಂತಿತು. ಫೋನ್ ಮಾಡಿದರೆ ಸ್ವಿಚ್ ಆಫ್. ಹತ್ತು ನಿಮಿಷ, ಇಪ್ಪತ್ತು ನಿಮಿಷ. ಆಗ ಹೊಳೆಯಿತು, ಅವನ ಮೊದಲ ಹೆಸರು ಬಿಟ್ಟರೆ ನನಗೆ ಏನೂ ಗೊತ್ತಿಲ್ಲ. ಪೊಲೀಸರಿಗೆ ಹೇಳಿದರೂ ಏನಂತ ಹೇಳಲಿ? ಅಮ್ಮನಿಗೆ ಫೋನ್ ಮಾಡಲು ಹೆಸರು ತೆಗೆದೆ, ಒತ್ತಲಿಲ್ಲ. ನಲವತ್ತು ನಿಮಿಷದ ಮೇಲೆ ಗೊತ್ತಿಲ್ಲದ ನಂಬರಿನಿಂದ ಕರೆ ಬಂತು. ‘ಚಾರ್ಜ್ ಮುಗೀತು ಕಣೇ, ಇವರ ಫೋನಿಂದ ಮಾಡ್ತಿದ್ದೀನಿ.’ ಅತ್ತುಬಿಟ್ಟೆ. ಅವಳಿಗೆ ಬೈದೆ ಕೂಡ. ಈಗ ಹೋಗುವ ಮುನ್ನವೇ ಅವನ ಪೂರ್ತಿ ಹೆಸರು, ಫೋಟೊ, ನಂಬರ್ ನನಗೆ ಬರುತ್ತವೆ. ಕೇಳಿದರೆ ಬೇಸರಪಟ್ಟುಕೊಂಡವನು ಇಲ್ಲಿಯವರೆಗೆ ಒಬ್ಬನೇ, ಅವನನ್ನು ಅವಳು ಭೇಟಿಯಾಗಲಿಲ್ಲ.

ಆದರೆ ಇನ್ನೂರು ಕಿಲೋಮೀಟರ್ ದೂರದ ಹಾಸ್ಟೆಲಿನಲ್ಲಿರುವ ತಂಗಿ ಎಷ್ಟು ವಿಚಾರಿಸಿಯಾಳು? ಅಮ್ಮನಾದರೆ ಒಂದು ಮಧ್ಯಾಹ್ನದಲ್ಲಿ ಅವನ ಅಜ್ಜಿಯ ತವರುಮನೆವರೆಗೂ ಹೋಗಿ ಬರುತ್ತಾಳೆ. ಇದನ್ನೇ ಅಕ್ಕನಿಗೆ ಹೇಳಿದೆ. ‘ಅಮ್ಮ ಮೊದಲು ಕೇಳೋದು ಯಾವ ಜನ ಅಂತ. ಆ ಪ್ರಶ್ನೆ ಬಿಟ್ಟು ಉಳಿದದ್ದನ್ನೆಲ್ಲ ಕೇಳ್ತಾಳೆ ಅಂತ ಗೊತ್ತಾದ್ರೆ ಇವತ್ತೇ ಹೇಳ್ತೀನಿ’ ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ. ಮಕ್ಕಳು ಮುಚ್ಚಿಡುತ್ತಾರೆ ಎಂದು ದೂರುವ ಅಪ್ಪ ಅಮ್ಮಂದಿರು ಈ ಮಾತನ್ನು ಒಮ್ಮೆ ಕೇಳಿಸಿಕೊಳ್ಳಲಿ ಅನ್ನಿಸಿತು.

ಈ ಬರಹ ಕಳಿಸುವ ಮೊದಲು ಅವಳಿಗೆ ಫೋನಿನಲ್ಲಿ ಓದಿ ಹೇಳಿದೆ. ಊರಿನ ಹೆಸರು ತೆಗೆ ಎಂದಳು, ತೆಗೆದಿದ್ದೇನೆ. ‘ಅಪ್ಪ ಈ ಪುಟ ತಪ್ಪದೇ ಓದ್ತಾರೆ, ಕೆಳಗೆ ನನ್ನ ಹೆಸರಿರುತ್ತೆ’ ಎಂದು ನೆನಪಿಸಿದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಇಲ್ಲ.

‘ಓದ್ಲಿ ಬಿಡು’ ಎಂದಳು.