ಕೇಂದ್ರದ ಬೃಹತ್ ಕೈಗಾರಿಕಾ ಸಚಿವರಿಗೆ ಕೋಲಾರ ಸೀಮೆಯಿಂದೊಂದು ಬಹಿರಂಗ ಪತ್ರ

ಸನ್ಮಾನ್ಯ ಶ್ರೀ ಎಚ್. ಡಿ. ಕುಮಾರಸ್ವಾಮಿಯವರ ಸನ್ನಿಧಿಗೆ,

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಎಂಬ ನಾಲ್ಕು ತಾಲ್ಲೂಕುಗಳ ಪ್ರಜೆಗಳಲ್ಲೊಬ್ಬನ ವಿಜ್ಞಾಪನೆ.

2024ರ ಜೂನಿನಲ್ಲಿ ತಾವು ಕೇಂದ್ರ ಸಂಪುಟದಲ್ಲಿ ಬೃಹತ್ ಕೈಗಾರಿಕೆ ಮತ್ತು ಉಕ್ಕಿನ ಖಾತೆಗಳನ್ನು ವಹಿಸಿಕೊಂಡಾಗ, ಕನ್ನಡಿಗರೊಬ್ಬರಿಗೆ ಸಂದ ಮನ್ನಣೆಯೆಂದು ನಾಡು ಹರ್ಷಪಟ್ಟದ್ದು ಸಹಜವೇ. ಆದರೆ ತಮಗಿಂತ ಅರವತ್ತು ವರ್ಷಗಳಿಗೂ ಮೊದಲು, ತಮ್ಮಂತೆಯೇ ಈ ರಾಜ್ಯದ ಮುಖ್ಯಮಂತ್ರಿಯಾಗಿದ್ದು, ತರುವಾಯ ದೆಹಲಿಗೆ ತೆರಳಿ, ಇಡೀ ಭಾರತದ ವಾಣಿಜ್ಯ ಮತ್ತು ಕೈಗಾರಿಕೆಗಳ ಭಾರವನ್ನು ಹೊತ್ತವರೊಬ್ಬರು ನಮ್ಮ ಕೋಲಾರ ಜಿಲ್ಲೆಯ ಕ್ಯಾಸಂಬಳ್ಳಿಯವರಾಗಿದ್ದರೆಂಬುದನ್ನು ಆ ಹರ್ಷದ ನಡುವೆ ನೆನೆದವರು ವಿರಳ. ಕೆ. ಚೆಂಗಲರಾಯ ರೆಡ್ಡಿಯವರು ಮೈಸೂರಿನ ಪ್ರಥಮ ಮುಖ್ಯಮಂತ್ರಿಗಳೆಂದು ಇಂದಿನ ತರುಣರು ಸ್ಪರ್ಧಾತ್ಮಕ ಪರೀಕ್ಷೆಗಳಿಗಾಗಿ ಕಂಠಪಾಠ ಮಾಡುವುದುಂಟು. ಅದರಾಚೆಗಿನ ರೆಡ್ಡಿಯವರು ಆ ಪ್ರಶ್ನೋತ್ತರಗಳಲ್ಲಿಲ್ಲ. ತಾವು ಆಸೀನರಾಗಿರುವ ಪೀಠದ ಪೂರ್ವಚರಿತ್ರೆಯನ್ನು ನಮ್ಮ ಸೀಮೆಯ ಕಡೆಯಿಂದ ಒಮ್ಮೆ ಅವಲೋಕಿಸಿದರೆ, ನಮ್ಮ ಬೇಡಿಕೆಯು ತಮಗೆ ಅನುಚಿತವೆಂದು ತೋರಲಾರದೆಂಬ ಭರವಸೆಯಿಂದ ಇದನ್ನು ಬರೆಯುತ್ತಿದ್ದೇನೆ.

ರೆಡ್ಡಿಯವರು ಜನಿಸಿದ್ದು 1902ರ ಮೇ ತಿಂಗಳಿನಲ್ಲಿ. ಎರಡು ತಿಂಗಳು ತುಂಬುವುದರೊಳಗಾಗಿ, ಜೂನ್ 30ರಂದು, ಶಿವನಸಮುದ್ರದಿಂದ ತೊಂಬತ್ತೆರಡು ಮೈಲಿಗಳ ತಂತಿಯ ಮೇಲೆ ಹರಿದುಬಂದ ವಿದ್ಯುಚ್ಛಕ್ತಿಯು ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. ಬೆಂಗಳೂರಿನ ಬೀದಿಗಳಿಗೆ ಆ ಬೆಳಕು ಬಂದದ್ದು ಮತ್ತೂ ಮೂರು ವರ್ಷಗಳ ಅನಂತರ. ಹೀಗೆ ಆಧುನಿಕ ಯಂತ್ರೋದ್ಯಮವು ಈ ದೇಶದಲ್ಲಿ ಸಾಧಿಸಿದ ಅತ್ಯಂತ ದೊಡ್ಡ ಸಾಹಸಗಳಲ್ಲೊಂದನ್ನು ತನ್ನ ನೆಲದಡಿಯಲ್ಲಿಯೇ ಕಂಡ ಜಿಲ್ಲೆ ನಮ್ಮದು. ಅದರ ಫಲವು ಜಾನ್ ಟೇಲರ್ ಕಂಪನಿಯ ಆಡಳಿತದಲ್ಲಿ ಸಮುದ್ರದಾಚೆಯ ಪಾಲುದಾರರಿಗೆ ಸಲ್ಲುತ್ತಿದ್ದುದನ್ನೂ ಕಂಡ ಜಿಲ್ಲೆ. ಅಲ್ಲಿಯೇ ಬೆಳೆದ ರೆಡ್ಡಿಯವರು, ಜವಾಬ್ದಾರಿ ಸರ್ಕಾರಕ್ಕಾಗಿ ನಡೆದ ಹೋರಾಟದ ಮುಂಚೂಣಿಯಲ್ಲಿ ನಿಂತು, 1947ರ ಅಕ್ಟೋಬರಿನಿಂದ 1952ರವರೆಗೆ ಮೈಸೂರಿನ ಆಡಳಿತವನ್ನು ನಡೆಸಿ, ಬಳಿಕ ನೆಹರೂ ಅವರ ಸಂಪುಟದಲ್ಲಿ ಉತ್ಪಾದನಾ ಸಚಿವರಾದರು. ಉತ್ಪಾದನಾ ಸಚಿವಾಲಯವೆಂದರೆ ಸರ್ಕಾರವು ತಾನೇ ಕಾರ್ಖಾನೆಗಳನ್ನು ಕಟ್ಟಿ ನಡೆಸುವ ಸಚಿವಾಲಯ: ಸಿಂದ್ರಿಯ ರಸಗೊಬ್ಬರ, ಪಿಂಪ್ರಿಯ ಪೆನಿಸಿಲಿನ್ ಮೊದಲಾದವು ಅದರ ಆಶ್ರಯದಲ್ಲಿದ್ದವು, ಅವರ ಕಾಲದಲ್ಲಿಯೇ, 1953ರಲ್ಲಿ, ಬೆಂಗಳೂರಿನ ಜಾಲಹಳ್ಳಿಯಲ್ಲಿ ಎಚ್‌ಎಂಟಿ ಸಂಸ್ಥೆಯು ಹುಟ್ಟಿತು. ಇಂದು ತಮ್ಮ ಖಾತೆಗೇ ಸೇರಿರುವ, ತಾವು ಪುನರುಜ್ಜೀವನಗೊಳಿಸಬೇಕೆಂದು ಅಧಿಕಾರ ವಹಿಸಿಕೊಂಡಂದಿನಿಂದ ಹೇಳುತ್ತ ಬಂದಿರುವ ಎಚ್‌ಎಂಟಿ ಅದೇ.

1961ರಲ್ಲಿ ಗೋವಿಂದ ವಲ್ಲಭ ಪಂತರು ನಿಧನರಾಗಿ, ಲಾಲ್ ಬಹದ್ದೂರ್ ಶಾಸ್ತ್ರಿಗಳು ಗೃಹಖಾತೆಗೆ ತೆರಳಲು, ಅವರು ತೆರವು ಮಾಡಿದ ವಾಣಿಜ್ಯ ಮತ್ತು ಕೈಗಾರಿಕಾ ಖಾತೆಯು ರೆಡ್ಡಿಯವರ ಪಾಲಿಗೆ ಬಂದಿತು. ಅವರು ಆ ಸ್ಥಾನದಲ್ಲಿದ್ದಾಗಲೇ, 1962ರ ಡಿಸೆಂಬರ್ 1ರಂದು, ಅದಕ್ಕೆ ಆರು ವರ್ಷಗಳ ಹಿಂದೆ ಮೈಸೂರು ಸರ್ಕಾರವು ರಾಷ್ಟ್ರೀಕರಣ ಮಾಡಿದ್ದ ಕೋಲಾರದ ಚಿನ್ನದ ಗಣಿಗಳು ಕೇಂದ್ರದ ವಶಕ್ಕೆ ಹೋದವು. ಆದರೆ ಹೋದದ್ದು ಅರ್ಥ ಸಚಿವಾಲಯಕ್ಕೆ! ಚಿನ್ನವನ್ನು ಉದ್ಯಮವೆಂದು ಬಗೆಯದೆ ಬೊಕ್ಕಸವೆಂದು ಬಗೆದುದರ ಪರಿಣಾಮವಾಗಿ, ಕೈಗಾರಿಕಾ ಸಚಿವರು ಅದೇ ಜಿಲ್ಲೆಯ ಮಗನಾಗಿದ್ದರೂ, ಜಿಲ್ಲೆಯ ಏಕೈಕ ಮಹೋದ್ಯಮದ ಭವಿಷ್ಯವು ಅವರ ಕೈಯಲ್ಲಿರಲಿಲ್ಲ. 2001ರ ಫೆಬ್ರವರಿ 28ರಂದು ಆ ಗಣಿಗಳು ಮುಚ್ಚಿದ ಕಥೆಯನ್ನು ತಮಗೆ ಹೇಳಬೇಕಾಗಿಲ್ಲ. ರೆಡ್ಡಿಯವರು ಖಾತೆಯನ್ನು ಬಿಟ್ಟ 1963ರಲ್ಲಿ ವಾಣಿಜ್ಯವೂ ಕೈಗಾರಿಕೆಯೂ ಬೇರ್ಪಟ್ಟವು. ಅವು ಮತ್ತೆ ಕೂಡಿ, ಮತ್ತೆ ಅಗಲಿ, ಒಂದೊಂದು ಸಂಪುಟದಲ್ಲಿ ಒಂದೊಂದು ಆಕಾರವನ್ನು ತಾಳುತ್ತ ಬಂದುದು ಅನಂತರದ ಇತಿಹಾಸ.

ಈ ಪೀಠಕ್ಕೆ ಒಂದು ಕಾಲದಲ್ಲಿದ್ದ ಶಕ್ತಿಯನ್ನು ಇಂದಿನವರು ಊಹಿಸುವುದು ಕಷ್ಟ. ಸ್ವತಂತ್ರ ಭಾರತದ ಮೊದಲ ಕೈಗಾರಿಕಾ ಸಚಿವರಾದ ಶ್ಯಾಮಾಪ್ರಸಾದ ಮುಖರ್ಜಿಯವರ ಕಾಲದಲ್ಲಿ, 1948ರ ಏಪ್ರಿಲಿನಲ್ಲಿ, ಪ್ರಥಮ ಕೈಗಾರಿಕಾ ನೀತಿಯ ನಿರ್ಣಯವು ಹೊರಟಿತು. 1951ರ ಕೈಗಾರಿಕೆಗಳ ಅಭಿವೃದ್ಧಿ ಮತ್ತು ನಿಯಂತ್ರಣ ಅಧಿನಿಯಮವು ಬಂದ ಮೇಲಂತೂ, ಗಣನೀಯವಾದ ಕಾರ್ಖಾನೆಯೊಂದನ್ನು ಸ್ಥಾಪಿಸಬೇಕಾದರೂ, ಇದ್ದುದನ್ನು ಹಿಗ್ಗಿಸಬೇಕಾದರೂ, ಒಂದೂರಿನಿಂದ ಮತ್ತೊಂದೂರಿಗೆ ಸಾಗಿಸಬೇಕಾದರೂ ದೆಹಲಿಯ ಲೈಸೆನ್ಸು ಅವಶ್ಯವಾಯಿತು. ಯಾವ ಊರಿನಲ್ಲಿ ಚಿಮಣಿ ಏಳತಕ್ಕದ್ದು, ಯಾವ ಊರಿನಲ್ಲಿ ಏಳಕೂಡದು ಎಂಬುದು ಉದ್ಯೋಗ ಭವನದ ಕಡತದಲ್ಲಿ ತೀರ್ಮಾನವಾಗುತ್ತಿತ್ತು. ಆ ಅಧಿಕಾರದಿಂದ ಆದ ಕೇಡುಗಳನ್ನು, ಅಂದರೆ ವಿಳಂಬ, ಪಕ್ಷಪಾತ, ಒಬ್ಬರ ಹೆಸರಿನಲ್ಲಿ ಲೈಸೆನ್ಸು ಪಡೆದು ಕಾರ್ಖಾನೆ ಕಟ್ಟದೆ ಕೂರುವ ಚಾತುರ್ಯ ಇವುಗಳನ್ನು ನಾನು ಅಲ್ಲಗಳೆಯುವವನಲ್ಲ. ಆದರೂ ಬಡ ಜಿಲ್ಲೆಯೊಂದರ ಪಕ್ಷವನ್ನು ವಹಿಸುವುದಕ್ಕೆ ಅದರಲ್ಲಿ ಅವಕಾಶವಿತ್ತು.

ಆ ಅಧಿಕಾರ ಮುಂದೆಯೂ ಕನ್ನಡಿಗರ ಕೈಗೆ ಬಂದಿತು: ಮಣಿಪಾಲದ ಟಿ. ಎ. ಪೈಗಳು 1974ರಿಂದ 1977ರವರೆಗೆ ಕೈಗಾರಿಕಾ ಖಾತೆಯಲ್ಲಿದ್ದರು. ಮುಂದೆ ಜನತಾ ಸರ್ಕಾರದಲ್ಲಿ ಮಂಗಳೂರಿನ ಜಾರ್ಜ್ ಫರ್ನಾಂಡಿಸರು ಬಂದರು. ಹೀಗೆ ಒಂದರ ಬೆನ್ನಿಗೊಂದು ಬಂದ ಎರಡು ಸಂಪುಟಗಳಲ್ಲಿ ಕರಾವಳಿಯ ಕನ್ನಡಿಗರಿಬ್ಬರು ದೇಶದ ಕೈಗಾರಿಕೆಯನ್ನು ನಿರ್ದೇಶಿಸಿದರು. ಫರ್ನಾಂಡಿಸರೆಂದೊಡನೆ ಜನರು ಕೋಕಾಕೋಲಾದ ನಿರ್ಗಮನವನ್ನು ಮಾತ್ರ ಸ್ಮರಿಸುತ್ತಾರೆ. ನನ್ನ ಮಟ್ಟಿಗೆ ಅದಕ್ಕಿಂತ ಮಿಗಿಲಾದ ಕೃತಿಯೆಂದರೆ 1978ರಲ್ಲಿ ಆರಂಭವಾದ ಜಿಲ್ಲಾ ಕೈಗಾರಿಕಾ ಕೇಂದ್ರಗಳ ಯೋಜನೆ: ಸಣ್ಣ ಉದ್ಯಮಿಯು ಸಾಲಕ್ಕೂ ಪರವಾನಗಿಗೂ ಕಚ್ಚಾವಸ್ತುವಿಗೂ ರಾಜಧಾನಿಗೆ ಅಲೆಯದೆ, ತನ್ನ ಜಿಲ್ಲೆಯಲ್ಲಿಯೇ ಒಂದೇ ಸೂರಿನಡಿ ಎಲ್ಲವನ್ನೂ ಪಡೆಯಬೇಕೆಂಬ ಆಲೋಚನೆ. ಆ ಕೇಂದ್ರಗಳು ಇಂದಿಗೂ ಇವೆ. ಆಲೋಚನೆ ಎಷ್ಟು ಉಳಿದಿದೆಯೋ ಅಲ್ಲಿಗೆ ಹೋಗಿ ಬಂದವರನ್ನು ಕೇಳಬೇಕು.

1991ರ ಜುಲೈ 24ರಂದು, ಕೈಗಾರಿಕಾ ಖಾತೆಯನ್ನು ತಮ್ಮಲ್ಲಿಯೇ ಇರಿಸಿಕೊಂಡಿದ್ದ ಪ್ರಧಾನಿ ನರಸಿಂಹರಾಯರ ಸರ್ಕಾರವು, ಹದಿನೆಂಟು ಕೈಗಾರಿಕೆಗಳನ್ನುಳಿದು ಮಿಕ್ಕೆಲ್ಲವಕ್ಕೂ ಲೈಸೆನ್ಸನ್ನು ರದ್ದುಗೊಳಿಸಿತು. ಕಾರ್ಖಾನೆಯ ಸ್ಥಳವನ್ನು ಸಚಿವರು ಆಯುವ ಕಾಲ ಮುಗಿಯಿತು. ಅನಂತರ ಸ್ಥಳವನ್ನು ಆಯ್ದದ್ದು ಹೆದ್ದಾರಿ. ನಮ್ಮ ನಾಲ್ಕು ತಾಲ್ಲೂಕುಗಳ ಭೂಪಟವನ್ನು ಬಿಡಿಸಿ ನೋಡಿದರೆ ಈ ಮಾತಿಗೆ ಸಾಕ್ಷಿ ತಾನಾಗಿ ದೊರೆಯುತ್ತದೆ. ಬೆಂಗಳೂರಿಗೆ ಹತ್ತಿರವಾದ ಪಶ್ಚಿಮದಂಚಿನಲ್ಲಿ, ಚೆನ್ನೈನ ರೈಲುದಾರಿಯ ಮೇಲಿರುವ ಮಾಲೂರಿನಲ್ಲಿ, ಕೆರೆಯ ಜೇಡಿಮಣ್ಣಿನಿಂದ ಹಂಚು ಸುಡುತ್ತಿದ್ದ ಹಳೆಯ ಕಾರ್ಖಾನೆಗಳು ಆರ್‌ಸಿಸಿ ಛಾವಣಿಗಳ ಯುಗದಲ್ಲಿ ಕ್ಷೀಣಿಸಿದರೂ, ಹೊಸ ಕೈಗಾರಿಕಾ ಪ್ರದೇಶವೊಂದು ಎದ್ದಿತು. ಕೋಲಾರ ತಾಲ್ಲೂಕಿನ, ಹೆದ್ದಾರಿಯ ಬದಿಯ ನರಸಾಪುರದಲ್ಲಿ 2013ರಲ್ಲಿ ಹೋಂಡಾ ದ್ವಿಚಕ್ರ ವಾಹನಗಳ ಕಾರ್ಖಾನೆ ಬಂದಿತು, ಮುಂದೆ ಐಫೋನಿನ ಜೋಡಣೆಯೂ ಬಂದಿತು. ಅದೇ ಹೆದ್ದಾರಿಯಲ್ಲಿ ಇನ್ನೂ ಮುಂದೆ, ಆಂಧ್ರದ ಗಡಿಗೆ ತಾಗಿಕೊಂಡಂತಿರುವ ಮುಳಬಾಗಿಲಿಗೆ ಆ ಪ್ರವಾಹವು ಮುಟ್ಟಲಿಲ್ಲ; ರೈಲು ಮೊದಲೇ ಇಲ್ಲ. ಅಲ್ಲಿಯ ಹುಡುಗ ಹುಡುಗಿಯರು ಬೆಳಗಿನ ಪಾಳಿಗೆಂದು ನಸುಕಿನಲ್ಲಿಯೇ ಕಂಪನಿಯ ಬಸ್ಸು ಹತ್ತುತ್ತಾರೆ. ಕೊರಳಲ್ಲಿ ತೂಗುವ ಟ್ಯಾಗನ್ನು ಹತ್ತಿರದಿಂದ ನೋಡಿದರೆ, ಎಷ್ಟೋ ವೇಳೆ ಅದರ ಮೇಲಿರುವುದು ಅವರು ದುಡಿಯುವ ಕಾರ್ಖಾನೆಯ ಹೆಸರಲ್ಲ, ಆಳುಗಳನ್ನು ಒದಗಿಸುವ ಗುತ್ತಿಗೆದಾರನ ಹೆಸರು.

2020ರ ಡಿಸೆಂಬರ್ 12ರ ಬೆಳಿಗ್ಗೆ, ಆಗ ವಿಸ್ಟ್ರಾನ್ ಕಂಪನಿಯದಾಗಿದ್ದ ನರಸಾಪುರದ ಐಫೋನ್ ಕಾರ್ಖಾನೆಯಲ್ಲಿ ನಡೆದ ದಾಂಧಲೆಯನ್ನು ಯಾರೂ ಸಮರ್ಥಿಸಲಾರರು. ಆದರೆ ಅದರ ಹಿಂದೆ ವೇತನ ಸರಿಯಾಗಿ ಪಾವತಿಯಾಗದ ಗುತ್ತಿಗೆ ಕಾರ್ಮಿಕರ ದೂರು ಇದ್ದಿತೆಂಬುದನ್ನು ರಾಜ್ಯದ ಕಾರ್ಖಾನೆಗಳ ಇಲಾಖೆಯ ತನಿಖೆಯೂ, ಆಪಲ್ ಸಂಸ್ಥೆಯೂ ಒಪ್ಪಿಕೊಂಡವು. 2023ರಲ್ಲಿ ಆ ಕಾರ್ಖಾನೆಯನ್ನು ಟಾಟಾ ಸಂಸ್ಥೆಯು ಕೊಂಡುಕೊಂಡಿತು. ಫೋನು ತಮ್ಮ ಖಾತೆಯದಲ್ಲ, ವಾಹನ ತಮ್ಮದೇ. ತಮ್ಮ ಸಚಿವಾಲಯವು ನಿರ್ವಹಿಸುವ, ವಾಹನ ಮತ್ತು ವಾಹನಾಂಗಗಳ ತಯಾರಿಕೆಗಾಗಿ 25,938 ಕೋಟಿ ರೂಪಾಯಿಗಳನ್ನು ಮೀಸಲಿಟ್ಟಿರುವ ಉತ್ಪಾದನಾಧಾರಿತ ಪ್ರೋತ್ಸಾಹ ಯೋಜನೆಯು ಹೂಡಿದ ಬಂಡವಾಳವನ್ನೂ, ಮಾರಾಟವನ್ನೂ, ದೇಶೀಯ ಮೌಲ್ಯದ ಪ್ರಮಾಣವನ್ನೂ ಅಳೆಯುತ್ತದೆ. ಪ್ರಜೆಗಳ ತೆರಿಗೆಯಿಂದ ಪ್ರೋತ್ಸಾಹವನ್ನು ಪಡೆಯುವ ಉದ್ಯಮಿಯು ಎಷ್ಟು ಮಂದಿಯನ್ನು ತನ್ನ ಹೆಸರಿನಲ್ಲಿಯೇ ಕೆಲಸಕ್ಕೆ ಇರಿಸಿಕೊಂಡಿದ್ದಾನೆಂಬುದನ್ನೂ ಅಳೆಯುವುದು ಅಸಾಧ್ಯವೇನಲ್ಲ.

ಇನ್ನು ಶ್ರೀನಿವಾಸಪುರ. ಮಾವಿನ ಸುಗ್ಗಿಯ ದಿನಗಳಲ್ಲಿ ಈ ಊರಿನ ಮಾರುಕಟ್ಟೆಯನ್ನು ಕಂಡವರಿಗೆ ಬೇರೆ ವರ್ಣನೆ ಬೇಡ: ಟ್ರ್ಯಾಕ್ಟರುಗಳ ಸಾಲು ರಸ್ತೆಗೆ ಬಂದಿರುತ್ತದೆ, ಮಂಡಿಗಳ ಮುಂದೆ ತೋತಾಪುರಿಯ ರಾಶಿ ಹಸುರು ಗುಡ್ಡವಾಗಿ ಬಿದ್ದಿರುತ್ತದೆ, ಬಾದಾಮಿ, ರಸಪುರಿಗಳನ್ನು ಕೊಂಡು ತಿನ್ನುವವರಿದ್ದಾರೆ, ಆದರೆ ತೋತಾಪುರಿಯ ಗತಿಯೆಲ್ಲ ತಿರುಳು ತೆಗೆಯುವ ಕಾರ್ಖಾನೆಯನ್ನು, ನಮ್ಮ ರೈತರ ಮಾತಿನಲ್ಲಿ ಜ್ಯೂಸ್ ಫ್ಯಾಕ್ಟರಿಯನ್ನು, ಅವಲಂಬಿಸಿದೆ. ಆ ಫ್ಯಾಕ್ಟರಿಗಳು ಹೆಚ್ಚಾಗಿ ಇರುವುದು ಗಡಿಯಾಚೆಯ ಚಿತ್ತೂರಿನಲ್ಲಿ. 2025ರ ಜೂನ್ 7ರಂದು, ತನ್ನ ರೈತರ ಬೆಲೆಯನ್ನು ಕಾಪಾಡುವುದಕ್ಕಾಗಿ ಚಿತ್ತೂರಿನ ಜಿಲ್ಲಾಡಳಿತವು ಹೊರರಾಜ್ಯದ ತೋತಾಪುರಿಯ ಪ್ರವೇಶವನ್ನು ನಿಷೇಧಿಸಿತು. ನಾಲ್ಕು ದಿನಗಳಲ್ಲಿ ಶ್ರೀನಿವಾಸಪುರವು ಬಂದ್ ಆಚರಿಸಿತು. ಮುಖ್ಯಮಂತ್ರಿಗಳು ಆಂಧ್ರಕ್ಕೆ ಬರೆದರು, ತಾವು ಕೇಂದ್ರದ ಕೃಷಿ ಸಚಿವರಿಗೆ ಬರೆದಿರಿ. ಕೇಂದ್ರವು ಎರಡೂವರೆ ಲಕ್ಷ ಟನ್ ಮಾವಿಗೆ ಬೆಲೆ ವ್ಯತ್ಯಾಸವನ್ನು ತುಂಬಿಕೊಡಲು ಸಮ್ಮತಿಸಿತು. ತಮ್ಮ ಆ ಪತ್ರಕ್ಕಾಗಿ ನಾವು ಕೃತಜ್ಞರು. ಆದರೆ ನೆರೆಯ ಜಿಲ್ಲಾಧಿಕಾರಿಯೊಬ್ಬರ ಒಂದು ಆಜ್ಞೆಯಿಂದ ಒಂದು ತಾಲ್ಲೂಕಿನ ವರ್ಷದ ಗಳಿಕೆಯೇ ಬೀದಿಗೆ ಬೀಳುವುದಾದರೆ, ಅಲ್ಲಿ ಬೇಕಾಗಿರುವುದು ಪರಿಹಾರವೋ ಕಾರ್ಖಾನೆಯೋ ಎಂಬುದನ್ನು ಕೈಗಾರಿಕಾ ಸಚಿವರೇ ಹೇಳಬೇಕು.

ಕಾರ್ಖಾನೆಯ ವಾಗ್ದಾನವೊಂದು ಆ ತಾಲ್ಲೂಕಿಗೆ ದೊರೆಯದೆಯೂ ಇಲ್ಲ. 2012ರ ರೈಲ್ವೆ ಮುಂಗಡಪತ್ರದಲ್ಲಿ ಗುಜರಾತಿನ ಕಚ್ಛಿನೊಡನೆ ಕೋಲಾರಕ್ಕೂ ರೈಲು ಬೋಗಿಗಳ ಕಾರ್ಖಾನೆಯೊಂದನ್ನು ಘೋಷಿಸಲಾಯಿತು. ನಮ್ಮ ಅಂದಿನ ಸಂಸದ ಕೆ. ಎಚ್. ಮುನಿಯಪ್ಪನವರು ಆಗ ರೈಲ್ವೆಯ ರಾಜ್ಯ ಸಚಿವರಾಗಿದ್ದರು, ಅದೇ ವರ್ಷ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಕೈಗಾರಿಕೆಗಳ ಖಾತೆಗೆ ಬದಲಾದರು. ಶ್ರೀನಿವಾಸಪುರದ ಬಳಿ ಸ್ಥಳವೂ ಗೊತ್ತಾಯಿತು. ಬೋಗಿ ಮಾತ್ರ ಇಂದಿನವರೆಗೆ ಒಂದೂ ಹೊರಬಂದಿಲ್ಲ.

ಬಂಗಾರ ಹೋಯಿತು ಅರ್ಥ ಸಚಿವಾಲಯಕ್ಕೆ, ಅಲ್ಲಿಂದ ಗಣಿ ಸಚಿವಾಲಯಕ್ಕೆ, ಬೋಗಿ ರೈಲ್ವೆಗೆ, ಮಾವಿನ ತಿರುಳು ಆಹಾರ ಸಂಸ್ಕರಣೆಗೆ, ಫೋನು ಎಲೆಕ್ಟ್ರಾನಿಕ್ಸಿಗೆ, ಹಂಚಿನ ಗೂಡು ಸಣ್ಣ ಕೈಗಾರಿಕೆಗೆ, ವಾಹನ ತಮಗೆ. ಪಾಲಾದ ಮನೆಯಲ್ಲಿ ಹಗ್ಗ ಒಬ್ಬ ತಮ್ಮನಲ್ಲಿ, ಕೊಡ ಇನ್ನೊಬ್ಬನಲ್ಲಿ ಉಳಿದಂತಾಗಿದೆ ನಮ್ಮ ಪಾಡು. ಬಾವಿಯಲ್ಲಿ ನೀರಿದ್ದರೂ ಸೇದುವವರಿಲ್ಲ. ನೀರಿನ ಮಾತು ಬಂದಿತಾದ್ದರಿಂದ ಹೇಳುತ್ತೇನೆ: 2018ರ ಜೂನಿನಲ್ಲಿ, ತಾವು ಎರಡನೆಯ ಬಾರಿ ಮುಖ್ಯಮಂತ್ರಿಯಾದ ಹೊಸದರಲ್ಲಿ, ಬೆಂಗಳೂರಿನ ಸಂಸ್ಕರಿಸಿದ ನೀರು ಕೆ. ಸಿ. (ಕೋರಮಂಗಲ-ಚಲ್ಲಘಟ್ಟ) ವ್ಯಾಲಿ ಯೋಜನೆಯ ಮೂಲಕ ನಮ್ಮ ಜಿಲ್ಲೆಯ ಲಕ್ಷ್ಮೀಸಾಗರದ ಕೆರೆಗೆ ಹರಿಯಿತು. ಅಷ್ಟಾದರೂ, ಜೀವನದಿಯಿಲ್ಲದ ಈ ಜಿಲ್ಲೆಯಲ್ಲಿ ನೀರನ್ನು ಕುಡಿಯುವ ಕೈಗಾರಿಕೆಯನ್ನು ನಾವು ಬೇಡುತ್ತಿಲ್ಲ.

ಬೇಡುವುದು ಇಷ್ಟು. ಶ್ರೀನಿವಾಸಪುರದ ಬೋಗಿ ಕಾರ್ಖಾನೆಯು ಬರುವುದೋ ಬಾರದೋ ಎಂಬುದಕ್ಕೆ ರೈಲ್ವೆ ಸಚಿವರಿಂದ ಲಿಖಿತವಾದ ಉತ್ತರವನ್ನು ತಾವು ಪಡೆದುಕೊಡಬೇಕು. ಬಾರದೆಂದಾದರೆ, ತಮ್ಮ ಯೋಜನೆಗಳಡಿ ಪ್ರೋತ್ಸಾಹ ಪಡೆಯುವ ವಾಹನಾಂಗಗಳ ಘಟಕಗಳನ್ನು ನರಸಾಪುರದಿಂದಾಚೆಗೆ, ಮುಳಬಾಗಿಲು ಮತ್ತು ಶ್ರೀನಿವಾಸಪುರಗಳ ಕಡೆಗೆ, ತರುವ ಪ್ರಯತ್ನವನ್ನು ರಾಜ್ಯ ಸರ್ಕಾರದೊಡನೆ ಕೂಡಿ ಮಾಡಬೇಕು. ಪ್ರೋತ್ಸಾಹಧನದ ಷರತ್ತುಗಳಲ್ಲಿ ನೇರ ನೇಮಕಾತಿಯನ್ನೂ ಗಣಿಸಬೇಕು. ಮಾವಿನ ವಿಷಯವು ತಮ್ಮ ಖಾತೆಯದಲ್ಲವೆಂಬುದು ನಮಗೆ ಗೊತ್ತಿದೆ. ಆದರೂ ಬರುವ ಸುಗ್ಗಿಯೊಳಗಾಗಿ ಆಹಾರ ಸಂಸ್ಕರಣಾ ಸಚಿವರನ್ನೂ, ರಾಜ್ಯದ ಕೈಗಾರಿಕೆ ಮತ್ತು ತೋಟಗಾರಿಕೆಯ ಸಚಿವರನ್ನೂ ಒಂದೇ ಮೇಜಿನ ಸುತ್ತ ಕೂರಿಸುವ ಗೌರವ ತಮಗಿದೆ. ಪಕ್ಷಭೇದವು ಅಡ್ಡಬರುವುದಾದರೆ ಆ ಸಭೆಯನ್ನು ದೆಹಲಿಯಲ್ಲಿಯೂ ಬೆಂಗಳೂರಿನಲ್ಲಿಯೂ ಸೇರಿಸದೆ, ಜೂನ್ ತಿಂಗಳ ಒಂದು ಬೆಳಿಗ್ಗೆ ಶ್ರೀನಿವಾಸಪುರದ ಮಾವಿನ ಮಾರುಕಟ್ಟೆಯಲ್ಲಿಯೇ ಸೇರಿಸಬೇಕೆಂದು, ತೂಕದ ಚೀಟಿಯನ್ನು ಕೈಯಲ್ಲಿ ಹಿಡಿದ ರೈತರ ಎದುರಿನಲ್ಲಿಯೇ ಎಲ್ಲರೂ ಮಾತನಾಡಬೇಕೆಂದು ಸವಿನಯವಾಗಿ ಪ್ರಾರ್ಥಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಕೋಲಾರ ಜಿಲ್ಲೆಯ ಒಬ್ಬ ಪ್ರಜೆ