ಪಟ್ಟಿ ಹೋಯಿತು, ಚಾಳಿ ಹೋಗಲಿಲ್ಲ

ಕಾಲೇಜಿನ ಸೂಚನಾ ಫಲಕದ ಮೇಲೆ, ಅಧ್ಯಾಪಕರ ವಾಟ್ಸಾಪ್ ಗುಂಪಿನಲ್ಲಿ, ಬಿ.ಇಡಿ. ಕಾಲೇಜಿನೆದುರಿನ ಜೆರಾಕ್ಸ್ ಅಂಗಡಿಯ ಗೋಡೆಯ ಮೇಲೆ ಒಂದೇ ಬಗೆಯ ಕರೆ ಮತ್ತೆ ಕಾಣಿಸಿಕೊಳ್ಳುತ್ತಿದೆ. ಅಂತರರಾಷ್ಟ್ರೀಯ ಬಹುಶಿಸ್ತೀಯ ಸಂಶೋಧನಾ ಪತ್ರಿಕೆ, ಐಎಸ್‌ಎಸ್‌ಎನ್ ಇದೆ, ಇಂಗ್ಲಿಷ್, ತಮಿಳು, ಕನ್ನಡ, ಹಿಂದಿ, ಯಾವ ಭಾಷೆಯಲ್ಲಿ ಬರೆದರೂ ಆದೀತು, ಇದೇ 25ರೊಳಗೆ ಕಳುಹಿಸಿದರೆ ಇದೇ ತಿಂಗಳ ಸಂಚಿಕೆಯಲ್ಲಿ ಪ್ರಕಟಣೆ, ಸಹಲೇಖಕರಿಗೂ ಪ್ರತ್ಯೇಕ ಸರ್ಟಿಫಿಕೇಟ್. ಹಣ ಯಾವ ಖಾತೆಗೆ ಕಟ್ಟಬೇಕು ಎಂಬುದು ಸ್ಪಷ್ಟವಾಗಿರುತ್ತದೆ. ಬಂದ ಲೇಖನವನ್ನು ಯಾರು ಓದುತ್ತಾರೆ, ಓದಿ ಯಾರು ತೂಗುತ್ತಾರೆ ಎಂಬ ವಿಷಯ ಮಾತ್ರ ಎಲ್ಲೂ ಇರುವುದಿಲ್ಲ. ಇದರಲ್ಲಿ ಬೆಚ್ಚಿಬೀಳುವಂಥದ್ದೇನಿದೆ ಎನ್ನಿಸಬಹುದು. ನಮಗೆ ಇದು ಹಳೆಯ ಪರಿಚಯ. ಹದಿನೈದು ವರ್ಷಗಳ ಹಿಂದೆಯೂ ಇದೇ ವೇಷ ತೊಟ್ಟು ಬಂದಿತ್ತು, ಹೋಗುವಾಗ ಏನೇನು ಕೊಂಡೊಯ್ದಿತು ಎಂಬುದನ್ನು ಕಂಡವರು ಇನ್ನೂ ಬದುಕಿದ್ದೇವೆ.

ತಮಿಳುನಾಡಿನ ಉಡುಮಲೈಪೇಟೆಯ ಕಡೆಗೆ ನೋಡಿ ಈ ಮಾತು ಹೇಳುವುದಕ್ಕೆ ಕಾರಣವಿದೆ. 2009ರಲ್ಲಿ ಕೊಯಮತ್ತೂರಿನಿಂದ ಬೇರ್ಪಟ್ಟು ತಿರುಪ್ಪೂರು ಜಿಲ್ಲೆಗೆ ಸೇರಿದ ಈ ತಾಲ್ಲೂಕಿನಲ್ಲಿ ಸರ್ಕಾರಿ ಕಲಾ ಕಾಲೇಜಿದೆ, ಜಿ.ವಿ.ಜಿ. ವಿಶಾಲಾಕ್ಷಿ ಮಹಿಳಾ ಕಾಲೇಜಿದೆ. ಬೆಟ್ಟದ ಬುಡದ ತಿರುಮೂರ್ತಿ ನಗರದಲ್ಲಿ ಶಿಕ್ಷಕರಿಗಾಗಿಯೇ ಇರುವ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ, ಅಂದರೆ ಡಯಟ್, ಇದೆ. ಕೊಯಮತ್ತೂರಿಗೆ ಹೋದರೆ ಭಾರತಿಯಾರ್ ವಿಶ್ವವಿದ್ಯಾಲಯ, ಪೆರಿಯನಾಯಕನ್‌ಪಾಳ್ಯದ ರಾಮಕೃಷ್ಣ ಮಿಷನ್ ವಿದ್ಯಾಲಯ. ಪ್ರೌಢಶಾಲೆಯ ಮೇಷ್ಟರೂ ಕಾಲೇಜಿನ ಪ್ರಾಧ್ಯಾಪಕರೂ ಒಂದೇ ಬಸ್ಸಿನಲ್ಲಿ ಓಡಾಡುವ ಊರು ಇದು. ಇವರಿಬ್ಬರೂ ಕೂಡಿ ಬರೆಯುವ, ಕೂಡಿ ಓದುವ ಒಂದು ಪತ್ರಿಕೆ ಎಲ್ಲಾದರೂ ಬೇರುಬಿಡುವುದಾದರೆ ಇಂಥ ಕಡೆಯೇ ಬಿಡಬೇಕು.

ಬರೆಯಲು ವಿಷಯವೂ ಕಣ್ಣೆದುರೇ ಇದೆ. ಕೊಂಗುನಾಡಿನ ಈ ಭಾಗದಲ್ಲಿ ದೇವಾಂಗರ, ಒಕ್ಕಲಿಗರ ಎಷ್ಟೋ ಮನೆಗಳ ಒಳಮಾತು ಇಂದಿಗೂ ಕನ್ನಡ. ಹತ್ತನೆಯ ತರಗತಿಯವರೆಗೆ ತಮಿಳನ್ನು ಹಂತಹಂತವಾಗಿ ಕಡ್ಡಾಯ ಮಾಡುವ ಕಾಯ್ದೆ 2006ರಲ್ಲಿ ಬಂತು. ಈ ಮನೆಗಳಲ್ಲಿ ಅದಕ್ಕಿಂತ ಮೊದಲೇ ಮಕ್ಕಳ ಅಕ್ಷರಾಭ್ಯಾಸ ತಮಿಳಿನಲ್ಲಿ ನಡೆಯುತ್ತಿತ್ತು. ಮನೆಯಲ್ಲಿ ಹಾಲು, ಹೂವು, ಹೆಸರು ಎನ್ನುವ ಮಗು ತರಗತಿಯಲ್ಲಿ ಪಾಲ್, ಪೂ, ಪೆಯರ್ ಎಂದು ಬರೆಯುತ್ತದೆ. ಆ ಮಗು ಎಲ್ಲಿ ಎಡವುತ್ತದೆ, ಎರಡು ನುಡಿಗಳ ಬಲದಿಂದ ಎಲ್ಲಿ ಪಕ್ಕದವನಿಗಿಂತ ಮುಂದೆ ಓಡುತ್ತದೆ ಎಂಬುದು ದಿನವೂ ನೋಟ್‌ಬುಕ್ ತಿದ್ದುವ ಟೀಚರಿಗೆ ಗೊತ್ತು. ಗಿರಣಿ, ಗಾರ್ಮೆಂಟ್ಸ್ ಕೆಲಸಕ್ಕೆ ಬಿಹಾರ, ಒಡಿಶಾದಿಂದ ಬಂದವರ ಮಕ್ಕಳು ಅದೇ ಬೆಂಚಿನ ಮೇಲೆ ಕೂತಾಗ ಪಾಠ ಹೇಗೆ ಹೊರಳಬೇಕೆಂಬುದನ್ನೂ ಅವರೇ ಬಲ್ಲರು. ಆ ತಿಳಿವಳಿಕೆ ಅಚ್ಚಾದರೆ ತಾಳವಾಡಿಯ, ಹೊಸೂರಿನ, ಕಾಸರಗೋಡಿನ ಶಿಕ್ಷಕರು ಕಣ್ಣಿಗೊತ್ತಿಕೊಂಡು ಓದಿಯಾರು. ಆದರೆ ಅದು ಅಚ್ಚಾಗುವುದಿಲ್ಲ.

ಅಚ್ಚಾಗುವುದು ಬೇರೆ. ಶುಲ್ಕ ಕಟ್ಟಿಸಿಕೊಳ್ಳುವ ಪತ್ರಿಕೆಗಳ ಶಿಕ್ಷಣ ವಿಭಾಗವನ್ನು ತೆರೆದರೆ ಮತ್ತೆ ಮತ್ತೆ ಎದುರಾಗುವ ಒಂದು ಲೇಖನವಿದೆ. ಶೀರ್ಷಿಕೆ: ಇಂಥ ತಾಲ್ಲೂಕಿನ ಪ್ರೌಢಶಾಲಾ ಶಿಕ್ಷಕರ ಬೋಧನಾ ಸಾಮರ್ಥ್ಯ, ಒಂದು ಅಧ್ಯಯನ. ಮೊದಲ ಪುಟದಲ್ಲಿ ಶಿಕ್ಷಣದ ಮಹತ್ವ, ಜತೆಗೆ ವಿವೇಕಾನಂದರದ್ದೊಂದು ಮಾತು. ಆಮೇಲೆ ಪ್ರಶ್ನಾವಳಿ, ಮುನ್ನೂರು ಮಂದಿ. (ಮುನ್ನೂರೇ ಯಾಕೆ ಎಂದು ಕೇಳಬೇಡಿ, ಯಾರೂ ಕೇಳಿಲ್ಲ.) ಗಂಡು ಹೆಣ್ಣು, ಹಳ್ಳಿ ಪಟ್ಟಣ, ಸರ್ಕಾರಿ ಖಾಸಗಿ ಎಂದು ಪಾಲು ಮಾಡಿ ಟಿ-ಟೆಸ್ಟ್; ‘ಗಮನಾರ್ಹ ವ್ಯತ್ಯಾಸವಿಲ್ಲ’ ಎಂಬ ಫಲಿತಾಂಶ; ಸರ್ಕಾರವು ಶಿಕ್ಷಕರಿಗೆ ಹೆಚ್ಚಿನ ತರಬೇತಿ ನೀಡತಕ್ಕದ್ದು ಎಂಬ ಸಲಹೆ. ಉಡುಮಲೈ ಇದ್ದಲ್ಲಿ ಪೊಳ್ಳಾಚಿ ಎಂದೋ ಪಲ್ಲಡಂ ಎಂದೋ ತಿದ್ದಿದರೆ ಇನ್ನೊಂದು ಲೇಖನ ಸಿದ್ಧ. ಇಡೀ ಬರಹದಲ್ಲಿ ಒಂದು ಮಗುವಿಲ್ಲ, ಒಂದು ಕರಿಹಲಗೆಯಿಲ್ಲ, ತಪ್ಪಾಗಿ ಬಿಡಿಸಿದ ಒಂದು ಲೆಕ್ಕವಿಲ್ಲ. ಬರೆದವರು ಹತ್ತಾರು ವರ್ಷ ತರಗತಿಯಲ್ಲಿ ನಿಂತವರೇ ಆಗಿರಬಹುದು; ಬರೆಯಲು ಕೂತಾಗ ತರಗತಿಯನ್ನು ಹೊರಗೇ ಬಿಟ್ಟು ಬಂದಿರುತ್ತಾರೆ.

ಇದು ಈ ಚಾಳಿಯ ಮೊದಲ ಚಿಹ್ನೆ. ಉಳಿದವು ಇನ್ನೂ ಸಣ್ಣವು. ಒಂದೂ ತಿದ್ದುಪಡಿ ಕೇಳದೆ ಎರಡೇ ದಿನದಲ್ಲಿ ಬರುವ ಒಪ್ಪಿಗೆ ಪತ್ರ. ಬೇರೆಯವರ ಗ್ರಂಥಋಣವನ್ನು ಅದರ ಅಚ್ಚಿನ ತಪ್ಪಿನೊಡನೆ ಹಾಗೆಯೇ ಎತ್ತಿ ಇಟ್ಟಿರುವುದು. ಒಂದೇ ಸಂಚಿಕೆಯಲ್ಲಿ ರೇಷ್ಮೆ ಹುಳು, ಷೇರು ಮಾರುಕಟ್ಟೆ, ವಚನ ಸಾಹಿತ್ಯ. ಜೊತೆಗೆ ಐಎಸ್‌ಎಸ್‌ಎನ್ ಎಂಬ ಎಂಟಂಕಿಯ ಸಂಖ್ಯೆಯನ್ನು ಮುಖಪುಟದ ಮೇಲೆ ಐಎಸ್‌ಐ ಮುದ್ರೆಯಂತೆ ಮೆರೆಸುವುದು. ನಿಯತಕಾಲಿಕವನ್ನು ಗುರುತಿಸಲು ದೆಹಲಿಯ ರಾಷ್ಟ್ರೀಯ ಕೇಂದ್ರ ಕೊಡುವ ಸಂಖ್ಯೆ ಅದು. ಒಳಗಿನ ಸರಕಿಗೂ ಅದಕ್ಕೂ ಸಂಬಂಧವಿಲ್ಲ; ಲಾರಿಯ ನಂಬರ್ ಪ್ಲೇಟು ನೋಡಿ ಡ್ರೈವರಿನ ಕೈಚಳಕ ಅಳೆಯುವವರುಂಟೆ?

ಹಿಂದೆ ನಡೆದದ್ದನ್ನು ನೆನಪಿಸುವುದು ಈಗ ಅಗತ್ಯ. 2010ರಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗ ಎಪಿಐ ಎಂಬ ಅಂಕ ಪದ್ಧತಿ ತಂದು, ನೇಮಕಕ್ಕೂ ಬಡ್ತಿಗೂ ಪ್ರಕಟಣೆಗಳನ್ನು ಎಣಿಸಲು ಶುರುಮಾಡಿತು. ಉದ್ದೇಶ ಒಳ್ಳೆಯದೇ ಇತ್ತು. ಆದರೆ ಎಣಿಸುವವರಿದ್ದರು, ಓದುವವರಿರಲಿಲ್ಲ. ಬೇಡಿಕೆ ಹುಟ್ಟಿದಲ್ಲಿ ಅಂಗಡಿ ಹುಟ್ಟಿತು. 2017ರಲ್ಲಿ ಆಯೋಗ ಒಪ್ಪಿತ ಪತ್ರಿಕೆಗಳ ಪಟ್ಟಿ ಹೊರಡಿಸಿತು. ಅದರಲ್ಲಿ ವಿಶ್ವವಿದ್ಯಾಲಯಗಳೇ ಶಿಫಾರಸು ಮಾಡಿದ್ದ ಪತ್ರಿಕೆಗಳೂ ಸೇರಿದ್ದವು. ಪುಣೆಯ ಭೂಷಣ್ ಪಟವರ್ಧನ್ ಮತ್ತು ಸಂಗಡಿಗರು ಆ ಶಿಫಾರಸಿನ ಪತ್ರಿಕೆಗಳಲ್ಲಿ 1,009ನ್ನು ಪರಿಶೀಲಿಸಿ, ಶೇಕಡಾ 88ರಷ್ಟು ಅನರ್ಹವೆಂದು 2018ರ ಮಾರ್ಚಿನಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಬರೆದರು. ಅದೇ ವರ್ಷದ ಮೇ ತಿಂಗಳಲ್ಲಿ ಆಯೋಗ 4,305 ಪತ್ರಿಕೆಗಳನ್ನು ಪಟ್ಟಿಯಿಂದ ಕಿತ್ತುಹಾಕಿತು. ಕಳೆಯ ಜೊತೆ ಪೈರೂ ಹೋಯಿತೆಂಬ ದೂರು ಆಗಲೇ ಎದ್ದಿತ್ತು. ಕೋಟೆ ಸೂರೆ ಹೋದಮೇಲೆ ದಿಡ್ಡಿ ಬಾಗಿಲು ಹಾಕಿದರು.

ಇದು ನಮ್ಮ ದೇಶಕ್ಕಷ್ಟೇ ಅಂಟಿದ ರೋಗವೆಂದೂ ಅಲ್ಲ. 2013ರಲ್ಲಿ ‘ಸೈನ್ಸ್’ ಪತ್ರಿಕೆಗಾಗಿ ಜಾನ್ ಬೊಹಾನನ್ ಬೇಕೆಂದೇ ತಪ್ಪು ತುಂಬಿದ ಒಂದು ಪ್ರಬಂಧವನ್ನು ಜಗತ್ತಿನ 304 ಪತ್ರಿಕೆಗಳಿಗೆ ಕಳುಹಿಸಿದರು. 157 ಅದನ್ನು ಒಪ್ಪಿಕೊಂಡವು. ಹೊರಗೂ ಹೀಗೇ ಇದೆ ಎಂದು ಸಮಾಧಾನಪಟ್ಟುಕೊಳ್ಳಲು ಈ ಅಂಕಿಯನ್ನು ಬಳಸುವವರಿದ್ದಾರೆ. ನಾವು ಆ ಪಂಥದವರಲ್ಲ.

2019ರಲ್ಲಿ ಆ ಹಳೆಯ ಪಟ್ಟಿಯ ಬದಲು ಆಯೋಗದ ‘ಕೇರ್’ ಪಟ್ಟಿ ಜಾರಿಗೆ ಬಂತು. ಐದಾರು ವರ್ಷ ಅದು ಬೇಲಿಯಾಗಿ ನಿಂತಿತ್ತು, ಅಲ್ಲಲ್ಲಿ ಕಿಂಡಿಯಿದ್ದ ಬೇಲಿ. ಪಟ್ಟಿಯಲ್ಲಿದ್ದ ಪತ್ರಿಕೆಗಳ ಹೆಸರನ್ನೇ ಕದ್ದು ನಕಲಿ ಪತ್ರಿಕೆ ನಡೆಸಿದವರೂ ಇದ್ದರು. ಆಯೋಗ ಆ ಪಟ್ಟಿಯನ್ನು ಕೈಬಿಡಲು 2024ರ ಅಕ್ಟೋಬರಿನಲ್ಲಿ ತೀರ್ಮಾನಿಸಿ, 2025ರ ಫೆಬ್ರವರಿಯಲ್ಲಿ ಅದನ್ನು ಪ್ರಕಟಿಸಿತು. ಇನ್ನು ಒಳ್ಳೆಯ ಪತ್ರಿಕೆ ಯಾವುದು ಎಂಬುದನ್ನು ಸೂಚಿತ ಮಾನದಂಡಗಳ ಮೇಲೆ ಸಂಸ್ಥೆಗಳೇ ಗೊತ್ತುಮಾಡಿಕೊಳ್ಳಬೇಕು. ದೆಹಲಿಯಿಂದ ಪಟ್ಟಿ ಬರುವುದಕ್ಕಿಂತ ವಿದ್ವಾಂಸರೇ ವಿದ್ವತ್ತನ್ನು ತೂಗುವುದು ಲೇಸು ಎಂಬುದರಲ್ಲಿ ತಕರಾರಿಲ್ಲ. ಆದರೆ ಶೇಕಡಾ 88ರಷ್ಟು ಜೊಳ್ಳನ್ನು ಒಮ್ಮೆ ಶಿಫಾರಸು ಮಾಡಿದ್ದು ಯಾರು? ವಿಶ್ವವಿದ್ಯಾಲಯಗಳೇ. ತಕ್ಕಡಿ ಮತ್ತೆ ಅದೇ ಕೈಗೆ ಬಂದಿದೆ. ಕೈ ಬದಲಾಗಿದೆಯೇ ಎಂದು ಕೇಳಿದವರು ಕಡಿಮೆ.

ಕಾಲೇಜಿನ ಗೋಳು ಶಾಲೆಗೇಕೆ ಎನ್ನುವವರಿಗೊಂದು ಮಾತು. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೆ? ಬಿ.ಇಡಿ. ಪದವಿ ಕೊಡುವ ಬಿಡಿ ಸಂಸ್ಥೆಗಳ ದುಃಸ್ಥಿತಿಯನ್ನು ನ್ಯಾಯಮೂರ್ತಿ ಜೆ.ಎಸ್. ವರ್ಮಾ ಆಯೋಗ 2012ರಲ್ಲೇ ಬಿಚ್ಚಿಟ್ಟಿತ್ತು. ಅಂಥ 10,000ಕ್ಕೂ ಮಿಕ್ಕ ಸಂಸ್ಥೆಗಳಲ್ಲಿ ಹೆಚ್ಚಿನವು ಪದವಿಯನ್ನು ಬೆಲೆಗೆ ಮಾರುತ್ತಿವೆ ಎಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿಯೇ ಬರೆದುಕೊಂಡಿದೆ. ಅದೇ ನೀತಿ ಪ್ರತಿ ಶಿಕ್ಷಕರೂ ವರ್ಷಕ್ಕೆ ಕನಿಷ್ಠ 50 ಗಂಟೆ ವೃತ್ತಿ ವಿಕಾಸದಲ್ಲಿ ತೊಡಗಬೇಕೆನ್ನುತ್ತದೆ. ತಮಿಳುನಾಡು ಆ ನೀತಿಯನ್ನು ಒಪ್ಪಿಲ್ಲ ಎಂಬುದು ಬೇರೆ ಮಾತು; ಗಂಟೆ ಎಣಿಸುವ ಗೀಳಿಗೆ ಗಡಿಯಿಲ್ಲ. ಮೊದಲು ಪದವಿ ಮಾರಿದರು, ಆಮೇಲೆ ಪ್ರಬಂಧ ಮಾರಿದರು. ಮುಂದೆ ಗಂಟೆ ಮಾರುತ್ತಾರೆ. ಪ್ರೌಢಶಾಲೆಯ ಮೇಷ್ಟರ ಬಾಗಿಲು ತಟ್ಟುವ ಸರದಿ ಬಂದಿದೆ.

ಪತ್ರಿಕೆಯೆಂಬುದು ಹೀಗೆಯೇ ಇರಬೇಕೆಂದಿಲ್ಲ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘದಿಂದ ಎ.ಆರ್. ಕೃಷ್ಣಶಾಸ್ತ್ರಿಗಳು 1919ರಲ್ಲಿ ‘ಪ್ರಬುದ್ಧ ಕರ್ನಾಟಕ’ ಹೊರಡಿಸಿದಾಗ ಅದರಿಂದ ಯಾರಿಗೂ ಅಂಕ ಸಿಗುತ್ತಿರಲಿಲ್ಲ. ಅದಕ್ಕೂ ಒಂದು ವರ್ಷ ಮೊದಲು ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರರೂ ‘ವಿಜ್ಞಾನ’ ಮಾಸಪತ್ರಿಕೆ ನಡೆಸಿದರು. ಅದು ಎರಡೇ ವರ್ಷಕ್ಕೆ ನಿಂತಿತು. ನಿಂತರೂ ಕನ್ನಡದಲ್ಲಿ ವಿಜ್ಞಾನ ಬರೆಯುವ ಬಗೆಯನ್ನು ಬಿಟ್ಟುಹೋಯಿತು. ಚೆನ್ನೈಯಲ್ಲಿ 1965ರಲ್ಲಿ ಹುಟ್ಟಿದ ಗಣಿತ ಶಿಕ್ಷಕರ ಸಂಘ ಶಾಲೆಯವರನ್ನೂ ಕಾಲೇಜಿನವರನ್ನೂ ಒಂದೇ ಪತ್ರಿಕೆಯಲ್ಲಿ ಕೂಡಿಸಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ 1996ರಿಂದ ‘ರೆಸೊನೆನ್ಸ್’ ನಡೆಸುತ್ತಿದೆ. ಇವಕ್ಕೆಲ್ಲ ಇದ್ದದ್ದು ಅಚ್ಚಿಗೆ ಮೊದಲು ಹಸ್ತಪ್ರತಿ ಓದಿ, ಅಂಚಿನಲ್ಲಿ ಗೀಚಿ, ಬೇಸರವಿಲ್ಲದೆ ಹಿಂದಿರುಗಿಸುವ ಒಬ್ಬ ಮನುಷ್ಯ. ಆ ಕೆಲಸಕ್ಕೆ ಸಂಬಳವಿರಲಿಲ್ಲ, ಇಂದಿಗೂ ಬಹುಮಟ್ಟಿಗೆ ಇಲ್ಲ.

ಇಂಥ ಪತ್ರಿಕೆಗೆ ಎದುರಾಳಿ ಗೋಡೆಯ ಮೇಲೆ ಆ ಕರೆ ಅಂಟಿಸುವ ದಲ್ಲಾಳಿಯಲ್ಲ. ಅವನು ವ್ಯಾಪಾರಿ, ಗಿರಾಕಿಯಿಲ್ಲದ ದಿನ ಬೇರೆ ಸರಕು ತರುತ್ತಾನೆ. ಎದುರಾಳಿ ಸಿಬ್ಬಂದಿ ಕೊಠಡಿಯಲ್ಲಿ ಟೀ ಹೀರುತ್ತ ಆಡುವ ಮಾತು. ‘ಎಲ್ಲ ಕಡೆ ಹೀಗೇ ಸ್ವಾಮಿ.’ ‘ಬಡ್ತಿಗೊಂದು ಇರಲಿ, ಆಮೇಲೆ ನಿಜವಾದದ್ದು ಬರೆದರಾಯಿತು.’ ‘ನಮ್ಮಲ್ಲಿ ಅಂಥದ್ದೇನೂ ಇಲ್ಲ.’ ಮೂರೂ ಮಾತು 2012ರಲ್ಲಿ ಕೇಳಿದ್ದವೇ. ಆಮೇಲೆ ಬರೆಯುತ್ತೇನೆಂದವರು ಬರೆಯಲಿಲ್ಲ.

ಹೀಗೇ ಬಿಟ್ಟರೆ ಮೊದಲು ಓದು ನಿಲ್ಲುತ್ತದೆ. ಇಪ್ಪತ್ತು ಪ್ರಬಂಧಗಳ ಫೈಲು ಹಿಡಿದವರು ಸಂದರ್ಶನದಲ್ಲಿ ಗೆಲ್ಲುತ್ತಾರೆ, ತರಗತಿಯಲ್ಲಿ ನಿಂತವರು ಹಿಂದುಳಿಯುತ್ತಾರೆ.

ಗೆದ್ದವರೇ ನಾಳೆ ಮಾರ್ಗದರ್ಶಕರು. ಅವರ ವಿದ್ಯಾರ್ಥಿ ಅದನ್ನೇ ಕಲಿಯುತ್ತಾನೆ.

ಕೊನೆಗೆ ಆಯೋಗ ಮತ್ತೆ ಕತ್ತರಿ ಹಿಡಿದು ಬರುತ್ತದೆ. ಆಗ ಮೊದಲು ಹೋಗುವುದು ಕನ್ನಡದಂಥ ಭಾಷೆಗಳ ಸಣ್ಣ, ಪ್ರಾಮಾಣಿಕ ಪತ್ರಿಕೆಗಳು. ಅವುಗಳ ಪರವಾಗಿ ವಾದಿಸುವವರು ಇರುವುದಿಲ್ಲ.

ವಿಭಾಗ ಮುಖ್ಯಸ್ಥರಲ್ಲಿ ಒಂದು ವಿನಂತಿ. ಪ್ರಬಂಧಗಳ ಪಟ್ಟಿ ಬಂದಾಗ ಸಂಖ್ಯೆ ನೋಡಬೇಡಿ; ಯಾವುದಾದರೂ ಒಂದನ್ನು ಎತ್ತಿಕೊಂಡು ಬರೆದವರನ್ನು ಎದುರು ಕೂರಿಸಿ ಓದಿ. ತಿರುಮೂರ್ತಿ ನಗರದ ಡಯಟ್‌ನವರೂ ಊರಿನ ಕಾಲೇಜಿನವರೂ ವರ್ಷಕ್ಕೆ ಒಂದೇ ಸಂಚಿಕೆಯಾದರೂ ಸರಿ, ಶುಲ್ಕವಿಲ್ಲದೆ, ಸರ್ಟಿಫಿಕೇಟ್ ಇಲ್ಲದೆ ಕೂಡಿ ತರಲಿ. ಅದರಲ್ಲಿ ಕನ್ನಡದ ಮನೆಯಿಂದ ಬಂದ ಮಗುವಿನ ತಮಿಳು ನೋಟ್‌ಬುಕ್ಕಿನ ಬಗ್ಗೆ ಒಂದು ಲೇಖನ ಇರಲಿ. ಶಿಕ್ಷಕ ಮಿತ್ರರೆ, ಈ ತಿಂಗಳ 25ರೊಳಗೆ ಹಣ ಕಟ್ಟಬೇಡಿ.